ಹರಾಲ್ಡನ ನೀಲಿ ಹಲ್ಲು ಮತ್ತು ಪುತ್ತೂರಿನ ಮಳೆ

ದೋಹಾದಲ್ಲಿ ಶುಕ್ರವಾರ ಬೆಳಿಗ್ಗೆ ಅಂದ್ರೆ ಊರಿಗೆ ಫೋನ್ ಮಾಡೋ ಹೊತ್ತು. ಇಲ್ಲಿ ಎಂಟೂವರೆ ಆದ್ರೆ ಪುತ್ತೂರಲ್ಲಿ ಹನ್ನೊಂದು. ಅಮ್ಮನ ಅಡುಗೆ ಅರ್ಧ ಆಗಿರುತ್ತೆ, ಅಪ್ಪ ತೋಟದಿಂದ ಬಂದು ಜಗಲಿಯಲ್ಲಿ ಕೂತಿರ್ತಾರೆ. ಎರಡು ವರ್ಷದ ಹಿಂದೆ ಅಂಥ ಒಂದು ಶುಕ್ರವಾರ ಹೊಸ ಬ್ಲೂಟೂತ್ ಹೆಡ್‌ಸೆಟ್ ಕಿವಿಗೆ ಸಿಕ್ಕಿಸ್ಕೊಂಡು ಫೋನ್ ಮಾಡಿದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಎಂತ ಮಗಾ, ಬಾವಿ ಒಳಗಿಂದ ಮಾತಾಡ್ತಾ ಇದ್ದಿಯಾ?"

ನಾನು ಇಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರ್ ಕೆಲಸ ಮಾಡೋನು. ಬಾವಿ ಅಂದ್ರೆ ಸುಮ್ನಿರೋಕೆ ಆಗುತ್ತಾ? ಸಿಗ್ನಲ್ ಎಲ್ಲಿ ಹಾಳಾಗ್ತಿದೆ ಅಂತ ಹುಡುಕೋಕೆ ಹೊರಟೆ. ಹುಡುಕ್ತಾ ಹುಡುಕ್ತಾ ಹತ್ತನೇ ಶತಮಾನದ ಡೆನ್ಮಾರ್ಕಿಗೂ, ಕಿತ್ತೂರಿಗೂ, ನಮ್ಮ ಮಾವನ ಕ್ಯಾಸೆಟ್ ಡಬ್ಬಕ್ಕೂ ಹೋಗಿ ಬಂದೆ. ಆ ಕಥೆ ಇದು.

ಮೊದಲು ಹೆಡ್‌ಸೆಟ್ ಯಾಕೆ ತಗೊಂಡೆ ಅಂತ ಹೇಳ್ಬೇಕು. ಕತಾರ್‌ನಲ್ಲಿ ಕಾರು ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದ್ರೆ 500 ರಿಯಾಲ್ ದಂಡ. 2023ರ ಸೆಪ್ಟೆಂಬರ್ 3ರಿಂದ ಪೊಲೀಸರು ನೋಡ್ಬೇಕು ಅಂತಾನೂ ಇಲ್ಲ, ಕ್ಯಾಮರಾಗಳೇ ಸೀಟ್ ಬೆಲ್ಟ್ ಹಾಕದವರನ್ನೂ ಫೋನ್ ಹಿಡಿದವರನ್ನೂ ಪತ್ತೆ ಹಚ್ಚುತ್ತವೆ. ಸಿ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗಲೇ ಅಮ್ಮನ ಫೋನ್ ಬರೋದು! ಸರಿ ಅಂತ ಅಂಗಡಿಗೆ ಹೋಗಿ ಐವತ್ತು ರಿಯಾಲ್‌ಗೆ ಸಿಕ್ಕಿದ್ದನ್ನು ತಂದೆ. ಬಾವಿ ಬಂದಿದ್ದು ಅದರ ಜೊತೆಗೆ :)

*

ನಮ್ಮ ಮನೆಯಲ್ಲಿ ದೋಹಾಕ್ಕೆ ಬಂದವರಲ್ಲಿ ನಾನು ಮೊದಲಿಗನಲ್ಲ. ಅಮ್ಮನ ಅಣ್ಣ, ನನ್ನ ಮಾವ, 1988ರಲ್ಲಿ ಇಲ್ಲಿಗೆ ಬಂದವರು. ಅದರ ಹಿಂದಿನ ವರ್ಷವಷ್ಟೇ, ಅಂದ್ರೆ 1987ರಲ್ಲಿ, ಇಲ್ಲಿನ ಟೆಲಿಫೋನ್ ಸಂಸ್ಥೆ ಕ್ಯೂ-ಟೆಲ್ ಶುರುವಾಗಿತ್ತು. 2009ರಲ್ಲಿ ವೊಡಾಫೋನ್ ಬರುವ ತನಕ ಇಡೀ ದೇಶಕ್ಕೆ ಅದೊಂದೇ ಗತಿ. 2013ರಲ್ಲಿ ಅದು ಹೆಸರು ಬದಲಿಸಿ ಊರಿಡೂ ಆಯ್ತು. ಮಾವ ಮಾತ್ರ ಈಗಲೂ ಕ್ಯೂ-ಟೆಲ್ ಅಂತಾನೇ ಹೇಳೋದು.

ಆಗ ನಮ್ಮ ಅಜ್ಜನ ಮನೆಯಲ್ಲಿ ಫೋನ್ ಇರ್ಲಿಲ್ಲ. ಪೇಟೆಯ ಜಿನಸಿ ಅಂಗಡಿಯ ನಂಬರೇ ಎಲ್ಲರಿಗೂ "ಪಿ.ಪಿ." ನಂಬರ್. ಮಾವ ಅಂಗಡಿಗೆ ಫೋನ್ ಮಾಡಿ, "ಅರ್ಧ ಗಂಟೆ ಬಿಟ್ಟು ಪುನಃ ಮಾಡ್ತೇನೆ, ಅಮ್ಮನನ್ನು ಕರೆಸಿ" ಅಂತ ಹೇಳಿ ಇಡೋರು. ಅಂಗಡಿ ಹುಡುಗ ಸೈಕಲ್ ತುಳಿದು ಬಂದು ಹೇಳಿದ್ರೆ ಅಜ್ಜಿ ಸೆರಗು ಸರಿ ಮಾಡ್ಕೊಂಡು ಗದ್ದೆ ಬದುವಿನಲ್ಲಿ ಓಡೋರಂತೆ. ಅಷ್ಟು ಓಡಿ ಹೋಗಿ ಮಾತಾಡ್ತಿದ್ದಿದ್ದು ಎಷ್ಟು? ಮೂರು ನಿಮಿಷ. ಅದರಲ್ಲಿ ಒಂದು ನಿಮಿಷ "ಕೇಳ್ತದಾ? ಕೇಳ್ತದಾ?" ಅನ್ನೋದಕ್ಕೇ ಹೋಗ್ತಿತ್ತು.

ನಮ್ಮ ದೇಶಕ್ಕೆ ಫೋನ್ ತಯಾರಿಸಿ ಕೊಟ್ಟ ಐಟಿಐ ಕಾರ್ಖಾನೆ 1948ರಲ್ಲಿ ಬೆಂಗಳೂರಲ್ಲೇ ಶುರುವಾಗಿದ್ದು. ಅದರಿಂದಾಗಿ ಆ ಬಡಾವಣೆಗೇ ದೂರವಾಣಿ ನಗರ ಅಂತ ಹೆಸರು. ಫೋನ್ ನಮ್ಮ ರಾಜ್ಯದಲ್ಲೇ ತಯಾರಾದರೂ ಹಳ್ಳಿಗೆ ಬರೋಕೆ ಎಷ್ಟೋ ದಶಕ ಬೇಕಾಯ್ತು. ಪರ ಊರಿಗೆ ಮಾತಾಡ್ಬೇಕು ಅಂದ್ರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಜಾತಿಗಳು. ಪರಿಸ್ಥಿತಿ ಬದಲಾಗಿದ್ದು 1984ರಲ್ಲಿ ಸಿ-ಡಾಟ್ ಸ್ಥಾಪನೆ ಆದ ಮೇಲೆ. ಸ್ಯಾಮ್ ಪಿತ್ರೋಡಾ ಮತ್ತವರ ಜೊತೆಗಿದ್ದ ಹುಡುಗರು ನಮ್ಮ ಹಳ್ಳಿಗಳ ಧೂಳು, ಸೆಖೆ ತಡೆದುಕೊಳ್ಳೋ, ಏರ್ ಕಂಡೀಶನರ್ ಬೇಡದ ಪುಟ್ಟ ಎಕ್ಸ್‌ಚೇಂಜ್ ಮಾಡಿದ್ರು. ಅಂಥ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದ್ದು ಎಲ್ಲಿ ಗೊತ್ತಾ? ನಮ್ಮ ಕಿತ್ತೂರಲ್ಲಿ, 1986ರಲ್ಲಿ. ಚೆನ್ನಮ್ಮನ ಊರು ಅಂತ ಶಾಲೆಯಲ್ಲಿ ಓದಿದ್ದೆವು, ಇದನ್ನು ಮಾತ್ರ ಯಾರೂ ಹೇಳ್ಕೊಟ್ಟಿರಲಿಲ್ಲ. ಆಮೇಲೆ ಬಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ನನ್ನ ಓರಗೆಯವರಿಗೂ ಸ್ವಲ್ಪ ನೆನಪಿರಬಹುದು.

ಮೂರು ನಿಮಿಷದಲ್ಲಿ ಹೇಳೋಕಾಗದ್ದನ್ನೆಲ್ಲಾ ಮಾವನಿಗೆ ಕಳಿಸೋಕೆ ಇನ್ನೊಂದು ದಾರಿ ಇತ್ತು. ಕ್ಯಾಸೆಟ್! ಗಲ್ಫಿಗೆ ಹೊರಟವರು ಯಾರಾದ್ರೂ ಸಿಕ್ಕಿದ್ರೆ ಉಪ್ಪಿನಕಾಯಿ, ಹಪ್ಪಳದ ಜೊತೆ ಒಂದು ಕ್ಯಾಸೆಟ್. ಟೇಪ್ ರೆಕಾರ್ಡರ್ ಜಗಲಿಯಲ್ಲಿ ಇಟ್ಟು ಮನೆಯವರೆಲ್ಲಾ ಸುತ್ತ ಕೂತು ಒಬ್ಬೊಬ್ಬರೇ ಮಾತಾಡೋದು. ಕಾಗದ ಬರೆಯೋಕೆ ಬಾರದ ನನ್ನ ಅಜ್ಜಿಗೆ ಅದೇ ಕಾಗದ.

*

ಈಗ ನೀಲಿ ಹಲ್ಲಿನ ಕಥೆಗೆ ಬರೋಣ.

ಕಿವಿಗೆ ಕಟ್ಟಿಕೊಳ್ಳೋ ಹೆಡ್‌ಫೋನ್ ಹಳೆಯದೇ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅನ್ನೋರು ಅಡುಗೆಮನೆಯಲ್ಲಿ ಕೂತು ಮಾಡಿದ್ದನ್ನು 1910ರಲ್ಲಿ ಅಲ್ಲಿನ ನೌಕಾಪಡೆ ಕೊಂಡುಕೊಂಡಿತ್ತು. ವೈರ್ ತೆಗೆದು ಹಾಕೋ ಕೆಲಸ ಮಾತ್ರ ತಡವಾಯ್ತು. ಸ್ವೀಡನ್ನಿನ ಲುಂಡ್ ಊರಿನಲ್ಲಿದ್ದ ಎರಿಕ್ಸನ್ ಕಂಪನಿಯಲ್ಲಿ 1994ರಿಂದ ಯಾಪ್ ಹಾರ್ಟ್ಸನ್ ಮತ್ತು ಸ್ವೆನ್ ಮ್ಯಾಟಿಸನ್ ಇದಕ್ಕೆ ಕೈ ಹಾಕಿದ್ರು. ಅದೇ ಹೊತ್ತಿಗೆ ಇಂಟೆಲ್, ನೋಕಿಯಾಗಳಲ್ಲೂ ಇಂಥದ್ದೇ ಯೋಚನೆ. ಮೂರೂ ಬೇರೆ ಬೇರೆ ದಾರಿ ಹಿಡಿದ್ರೆ ಒಬ್ಬರ ಫೋನಿಗೆ ಇನ್ನೊಬ್ಬರ ಹೆಡ್‌ಸೆಟ್ ಹೊಂದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಮತ್ತು ಮ್ಯಾಟಿಸನ್ ಟೊರಾಂಟೋದಲ್ಲಿ ಮೀಟಿಂಗ್ ಮುಗಿಸಿ ಬಾರ್‌ಗಳಲ್ಲಿ ಕೂತು ಇತಿಹಾಸ ಹರಟಿದ್ರಂತೆ. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕನ್ನು ಒಂದುಗೂಡಿಸಿದ ಹರಾಲ್ಡ್ ಬ್ಲೋಟಾಂಡ್, ಅಂದ್ರೆ 'ನೀಲಿ ಹಲ್ಲಿನ ಹರಾಲ್ಡ್', ಅನ್ನೋ ರಾಜನ ಕಥೆ ಕಾರ್ಡಾಕ್‌ಗೆ ಹಿಡಿಸಿತು. ಅವನು ಜನರನ್ನು ಒಂದು ಮಾಡಿದ ಹಾಗೆ ನಾವು ಕಂಪನಿಗಳನ್ನು ಒಂದು ಮಾಡ್ತೇವೆ ಅಂತ ತಾತ್ಕಾಲಿಕವಾಗಿ ಆ ಹೆಸರಿಟ್ರು. ಬೇರೆ ಹೆಸರುಗಳು ಯಾವ್ಯಾವುದೋ ಕಾರಣಕ್ಕೆ ಬಿದ್ದು ಹೋಗಿ ಕೊನೆಗೆ ಇದೇ ಉಳಿಯಿತು. ನಿಮ್ಮ ಫೋನಿನಲ್ಲಿರೋ ಆ ನೀಲಿ ಗುರುತು ನೋಡಿ, ಅದು ಹರಾಲ್ಡನ ಹೆಸರಿನ ಎರಡು ರೂನ್ ಅಕ್ಷರಗಳನ್ನು ಸೇರಿಸಿ ಮಾಡಿದ್ದು. 1998ರ ಮೇ ತಿಂಗಳಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಶಿಬಾ ಐದೂ ಸೇರಿ ಒಕ್ಕೂಟ ಕಟ್ಟಿದ್ವು.

ಇದು ಕೆಲಸ ಮಾಡೋದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ವೈಫೈ, ಮೈಕ್ರೋವೇವ್ ಒಲೆ ಎಲ್ಲಾ ಅಲ್ಲೇ, ಸಂತೆ ಗದ್ದಲ. ಅದರಿಂದ ತಪ್ಪಿಸ್ಕೊಳ್ಳೋಕೆ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಕುಪ್ಪಳಿಸ್ತಾ ಹೋಗುತ್ತೆ. ಈ ಕುಪ್ಪಳಿಸೋ ಉಪಾಯಕ್ಕೆ 1942ರಲ್ಲೇ ಒಂದು ಪೇಟೆಂಟ್ ಸಿಕ್ಕಿತ್ತು. ಪಡೆದವರು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಟಾರ್ಪಿಡೊಗೆ ಕಳಿಸೋ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದ ಹಾಗೆ ಪಿಯಾನೋ ಮನೆಗಳಷ್ಟೇ, ಅಂದ್ರೆ 88, ತರಂಗಾಂತರಗಳ ನಡುವೆ ಹಾರಿಸೋ ಯೋಚನೆ ಅವರದ್ದು.

*

ಇಷ್ಟೆಲ್ಲಾ ಬುದ್ಧಿವಂತಿಕೆ ಇದ್ದೂ ಅಮ್ಮನಿಗೆ ಬಾವಿ ಯಾಕೆ ಕೇಳಿಸಿತು?

ಒಂದು ಘಟನೆ ಹೇಳ್ತೇನೆ. ಅದೇ ವಾರ ಅಮ್ಮ ಫೋನಲ್ಲಿ, "ಮೊನ್ನೆ ರಾತ್ರಿ ಶಂಖ ಹೋಯ್ತು ಮಗಾ" ಅಂದ್ರು. ದೇವರ ಕೋಣೆಯಲ್ಲಿದ್ದ ಅಜ್ಜನ ಕಾಲದ ಶಂಖ! ಕಳ್ಳರಾ ಅಂತ ಗಾಬರಿಯಾಗಿ ಕೇಳಿದ್ರೆ, "ಎಂತ ಕಳ್ಳ, ತೋಡಿಗೆ ಹಾಕಿದ ಸಂಕ ನೆರೆಗೆ ಹೋದದ್ದು ಮಾರಾಯಾ!" ಅಂದ್ರು. 'ಸಂಕ' ನನ್ನ ಕಿವಿಗೆ 'ಶಂಖ' ಆಗಿತ್ತು.

ಕಾರಣ ಇಷ್ಟೇ. ಹಳೇ ಬ್ಲೂಟೂತ್ ಕರೆಗಳು ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತವೆ. ಹಾಗೆ ಅಳೆದ್ರೆ 4000 ಹರ್ಟ್ಸ್‌ಗಿಂತ ಮೇಲಿನದ್ದು ಏನೂ ಉಳಿಯೋಲ್ಲ. ಆದ್ರೆ 'ಸ'ಕಾರದ ಜೀವ ಇರೋದೇ ಅದರ ಮೇಲೆ! 2011ರಲ್ಲಿ ಹ್ಯಾಂಡ್ಸ್‌ಫ್ರೀ ನಿಯಮ 1.6 ಬಂದ ಮೇಲೆ 16000 ಸಲ ಅಳೆಯೋ ವ್ಯವಸ್ಥೆ ಬಂತು. ಹೊಸ ಎಲ್‌ಇ ಆಡಿಯೊದಲ್ಲಿ ಇನ್ನೂ ಚೆನ್ನಾಗಿದೆ. ಆದ್ರೆ ಫೋನಿಗೂ ಹೆಡ್‌ಸೆಟ್‌ಗೂ ಎರಡಕ್ಕೂ ಅದು ಬರ್ಬೇಕು, ಒಂದಕ್ಕೆ ಬಾರದಿದ್ರೆ ಎರಡೂ ಹಳೇ ದಾರಿಗೆ ಇಳೀತವೆ. ಹಾಡು ಕೇಳುವಾಗ ಸೊಗಸಾಗಿರೋ ಹೆಡ್‌ಸೆಟ್ ಕರೆ ಬಂದ ಕೂಡ್ಲೇ ತಗಡಿನ ಡಬ್ಬ ಆಗೋದೂ ಇದರಿಂದಲೇ. ಹಾಡಿಗೆ ಒಂದು ದಾರಿ, ಮಾತಿಗೆ ಬೇರೆ ದಾರಿ. ಹಾಗಾಗಿ ಅಂಗಡಿಯಲ್ಲಿ ಹಾಡು ಹಾಕಿ ನೋಡಿ ಹೆಡ್‌ಸೆಟ್ ಕೊಳ್ಳಬೇಡಿ. ಯಾರಿಗಾದ್ರೂ ಫೋನ್ ಮಾಡಿ 'ಸಂಕ', 'ಶಂಖ' ಎರಡೂ ಹೇಳಿಸಿ ನೋಡಿ :)

ಇನ್ನು ಕೆಲವು ಸಂಗತಿ ನಾನೇ ಪರೀಕ್ಷೆ ಮಾಡಿದ್ದು. ಎಡ ಕಿವಿಯಲ್ಲಿ ಹೆಡ್‌ಸೆಟ್ ಇಟ್ಟು ಫೋನನ್ನು ಪ್ಯಾಂಟಿನ ಬಲ ಹಿಂಜೇಬಲ್ಲಿ ಹಾಕಿದ್ರೆ ಮಾತು ಕತ್ತರಿಸುತ್ತೆ. ನಮ್ಮ ಮೈಯಲ್ಲಿರೋದು ಬಹುಪಾಲು ನೀರು, ಅದು ಈ ತರಂಗಗಳನ್ನು ಹೀರಿಕೊಳ್ಳುತ್ತೆ. ಕಾರ್ನಿಶ್‌ನಲ್ಲಿ ಸಮುದ್ರದ ಗಾಳಿಗೆ ಮುಖ ಮಾಡಿ ನಿಂತ್ರೆ ಯಾವ ಮೈಕೂ ಸುಖ ಇಲ್ಲ. ಜುಲೈನಲ್ಲಿ ಕಾರೊಳಗೆ ಬಿಟ್ಟು ಹೋದ್ರೆ ಬ್ಯಾಟರಿಯ ಆಯುಸ್ಸು ಮುಗೀತು ಅಂತಾನೇ ಲೆಕ್ಕ.

*

ಕೊನೆಗೆ ಒಳ್ಳೆಯದೇ ಒಂದು ಸೆಟ್ ಆರಿಸಿದೆ. ಸುತ್ತಲಿನ ಗದ್ದಲ ತೆಗೆದು ಮಾತನ್ನಷ್ಟೇ ಕಳಿಸೋ ಜಾಣ ಮೈಕ್ ಇರೋದು. ಎರಡು ತಗೊಂಡೆ. ಒಂದು ನನಗೆ, ಇನ್ನೊಂದು ಅಪ್ಪನಿಗೆ. ಹೋದ ವರ್ಷ ರಜೆಗೆ ಹೋದಾಗ ಅವರಿಗೆ ಕಲಿಸಿಕೊಟ್ಟು ಬಂದೆ. ಅಪ್ಪ ಖುಷಿಯಿಂದ ಹಾಕಿಕೊಂಡ್ರು. ಮಾತು ಎಷ್ಟು ಸ್ವಚ್ಛ ಅಂದ್ರೆ ಪಕ್ಕದಲ್ಲೇ ಕೂತ ಹಾಗೆ. ಬಾವಿ ಸಮಸ್ಯೆ ಮುಗೀತು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಜುಲೈನಲ್ಲಿ ಒಂದು ಶುಕ್ರವಾರ ಅಪ್ಪನ ಹೆಡ್‌ಸೆಟ್ ಚಾರ್ಜ್ ಇರ್ಲಿಲ್ಲ. ಫೋನನ್ನೇ ಸ್ಪೀಕರ್‌ಗೆ ಹಾಕಿ ಜಗಲಿಯಲ್ಲಿ ಇಟ್ಟು ಮಾತಾಡಿದ್ರು. ಮೊದಲು ಕೇಳಿದ್ದು ಮಳೆ. ಹಂಚಿನ ಮೇಲೆ ಬೀಳೋ ಪುತ್ತೂರಿನ ಮಳೆ! ಅಷ್ಟು ವಾರದಿಂದ ಅಲ್ಲಿ ಮಳೆ ಹುಯ್ತಾ ಇದ್ರೂ ನನಗೆ ಒಂದು ಹನಿಯೂ ಕೇಳಿರಲಿಲ್ಲ. ಆಮೇಲೆ ಕೇಳಿದ್ದು ಕೆಮ್ಮು. ಒಂದು ವಾಕ್ಯಕ್ಕೆ ಎರಡು ಸಲ, ಎದೆಯ ಆಳದಿಂದ ಬರೋ ಕೆಮ್ಮು.

"ಎಷ್ಟು ದಿವಸದಿಂದ ಅಪ್ಪ?"

"ಎಂತ ಇಲ್ಲ ಮಾರಾಯಾ, ಸಣ್ಣ ಶೀತ" ಅಂದ್ರು. ಅಮ್ಮ ಹಿಂದಿನಿಂದ, "ಮೂರು ವಾರ ಆಯ್ತು. ದೂರ ಇದ್ದಿ, ಸುಮ್ನೆ ಹೆದರಿಸುದು ಬೇಡ ಅಂತ ಹೇಳ್ಲಿಲ್ಲ" ಅಂದ್ರು.

ಅವತ್ತೇ ಆಸ್ಪತ್ರೆಗೆ ಕಳಿಸಿದೆ. ನ್ಯುಮೋನಿಯಾ. ಐದು ದಿವಸ ಮಲಗಿದ್ದು ಹುಷಾರಾಗಿ ಬಂದ್ರು. ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟ ಇತ್ತು ಅಂದ್ರಂತೆ ಡಾಕ್ಟ್ರು.

ಹೆಡ್‌ಸೆಟ್‌ನದ್ದು ತಪ್ಪಿಲ್ಲ. ಮಾತನ್ನು ಉಳಿಸು, ಉಳಿದದ್ದನ್ನು ತೆಗೆ ಅಂತ ಹೇಳಿದ್ದೆವು, ಅದು ಹಾಗೇ ಮಾಡಿದೆ. ಒಂದೇ ಸಮನೆ ಸುರಿಯೋ ಮಳೆ ಅದರ ಲೆಕ್ಕದಲ್ಲಿ ಗದ್ದಲ. ಮಾತಿನ ನಡುವಿನ ಕೆಮ್ಮೂ ಅರ್ಧಕ್ಕರ್ಧ ಅದರ ಜೊತೆಗೇ ಹೋಗಿತ್ತು. ಆದ್ರೆ ಊರಿಗೆ ಫೋನ್ ಮಾಡೋನು ಕೇಳೋಕೆ ಹಂಬಲಿಸೋದು ಮಾತನ್ನೊಂದೇ ಅಲ್ವಲ್ಲ!

ಆಮೇಲೆ ಒಂದು ಸಂಜೆ ನಜ್ಮಾದಲ್ಲಿರೋ ಮಾವನ ಮನೆಗೆ ಹೋಗಿದ್ದೆ. ಈ ಕಥೆ ಹೇಳಿದಾಗ ಅವರು ಎದ್ದು ಹೋಗಿ ಬಿಸ್ಕತ್ತಿನ ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದ್ರು. ಮೇಲೆ '1991' ಅಂತ ಬಾಲ್ ಪೆನ್ನಿನಲ್ಲಿ ಬರೆದಿತ್ತು. ಹಳೇ ಟೇಪ್ ರೆಕಾರ್ಡರ್‌ಗೆ ಹಾಕಿದ್ರೆ ಕಿರ್‌ರ್ ಅನ್ನೋ ಸದ್ದು, ಕೋಳಿ, ಯಾರದ್ದೋ ಮಗುವಿನ ಅಳು, ಅದರ ನಡುವೆ ಅಜ್ಜಿ. ನಾನು ಹುಟ್ಟೋ ಮೊದಲಿನ ಅಜ್ಜಿಯ ದನಿ. ಅಜ್ಜಿ ಹೋಗಿ ಹನ್ನೆರಡು ವರ್ಷ ಆಯ್ತು. ಹಿಂದುಗಡೆ ಉದ್ದಕ್ಕೂ ಮಳೆ. ಆ ಬಡಪಾಯಿ ಕ್ಯಾಸೆಟ್‌ಗೆ ಯಾವುದು ಮಾತು, ಯಾವುದು ಗದ್ದಲ ಅಂತ ಗೊತ್ತಿರಲಿಲ್ಲ, ಎಲ್ಲವನ್ನೂ ಇಟ್ಟುಕೊಂಡಿತ್ತು.

ಈಗ ಆಫೀಸಿನ ಕರೆಗೂ, ಕಾರು ಓಡಿಸುವಾಗಲೂ ನನ್ನ ಹೆಡ್‌ಸೆಟ್ ಕಿವಿಯಲ್ಲೇ ಇರುತ್ತೆ. ಆ ಕೆಲಸಕ್ಕೆ ಅದು ಹತ್ತಕ್ಕೆ ಒಂಬತ್ತು ಅಂಕ ತಗೊಳ್ಳುತ್ತೆ. ಅಪ್ಪನ ಹೆಡ್‌ಸೆಟ್ ಮಾತ್ರ ಶುಕ್ರವಾರ ಬೆಳಿಗ್ಗೆ ಕಪಾಟಿನಲ್ಲಿ. ಫೋನ್ ಜಗಲಿಯ ಕುರ್ಚಿಯ ಮೇಲೆ, ಸ್ಪೀಕರ್ ಹಾಕಿ. ಕುಕ್ಕರ್ ಕೂಗಿದಾಗ ಅಮ್ಮನ ಮಾತು ಅರ್ಧ ಕೇಳೋಲ್ಲ. ಪುನಃ ಕೇಳ್ತೇನೆ, ಅವರು ಪುನಃ ಹೇಳ್ತಾರೆ.