ಒಂದೇ ಪದವಿ, ಎರಡು ಮೇಜರ್

ಜೋಸೆಫ್ ವಾರ್ಟನ್ ಮೊದಲು ಹಣ ಮಾಡಿದ್ದು ಸತು ಮತ್ತು ನಿಕ್ಕಲ್‌ನಲ್ಲಿ. ಆಮೇಲೆ ಉಕ್ಕಿನ ವ್ಯವಹಾರಕ್ಕೂ ಇಳಿದರು. ಕ್ವೇಕರ್ ಪಂಥದ ಈ ಫಿಲಡೆಲ್ಫಿಯಾ ಉದ್ಯಮಿ 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು, ವ್ಯಾಪಾರ ಕಲಿಸಲೆಂದೇ ಒಂದು ಶಾಲೆ ತೆರೆಯಬೇಕೆಂದರು. ಅಲ್ಲಿಯವರೆಗೆ ವರ್ತಕರ ಮಕ್ಕಳು ಅಪ್ಪನದೋ ಪರಿಚಯದವರದೋ ಮಳಿಗೆಯಲ್ಲಿ ಲೆಕ್ಕ ಬರೆಯುತ್ತ ಕಸುಬು ಕಲಿಯುತ್ತಿದ್ದರು. ಊರೂರಿನ ಖಾಸಗಿ ವಾಣಿಜ್ಯ ಶಾಲೆಗಳು ಬುಕ್‌ಕೀಪಿಂಗ್ ಹೇಳಿಕೊಟ್ಟು ಕಳಿಸುತ್ತಿದ್ದವು. ವಾರ್ಟನ್‌ರಿಗೆ ಅಷ್ಟು ಸಾಲಲಿಲ್ಲ. ಲೆಕ್ಕದ ಜೊತೆಗೆ ಹಣ, ತೆರಿಗೆ, ವ್ಯಾಪಾರ ಕಾನೂನು ಕೂಡ ಹುಡುಗರಿಗೆ ತಿಳಿದಿರಬೇಕಿತ್ತು. ದೇಶದ ಕೈಗಾರಿಕೆಯನ್ನು ಆಮದು ಸುಂಕದಿಂದ ಕಾಪಾಡಬೇಕೆಂಬ ತಮ್ಮ ನಿಲುವೂ ಪಾಠದಲ್ಲಿರಬೇಕೆಂದು ಅವರು ಷರತ್ತು ಹಾಕಿದ್ದರು.

ವಾರ್ಟನ್ ಎಂದೇ ಹೆಸರಾದ ಆ ಶಾಲೆಯಲ್ಲಿ ಆಗ ಮೇಜರ್, ಅಂದರೆ ಆಳವಾಗಿ ಓದಲು ಆರಿಸಿಕೊಳ್ಳುವ ಮುಖ್ಯ ವಿಷಯ, ಎಂಬುದೇ ಇರಲಿಲ್ಲ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಾಠ.

ಅಮೆರಿಕದ ಇತರ ಕಡೆಗಳಲ್ಲಿ ಅದೇ ಹೊತ್ತಿಗೆ ಬೇರೊಂದು ಜಗ್ಗಾಟ ನಡೆದಿತ್ತು. ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ 1869ರಿಂದ 40 ವರ್ಷ ಅಧಿಕಾರದಲ್ಲಿದ್ದು, ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ಕಿತ್ತುಹಾಕಿ ವಿದ್ಯಾರ್ಥಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟರು. ಹುಡುಗರು ಬೆಳಗಿನ ತರಗತಿ ತಪ್ಪಿಸಿ ಸುಲಭದ ಕೋರ್ಸುಗಳನ್ನು ಹೆಕ್ಕಿಕೊಳ್ಳುತ್ತಾರೆ ಎಂಬ ದೂರು ಹುಟ್ಟಿದ್ದು ಆಗಲೇ. 1909ರಲ್ಲಿ ಅವರ ಜಾಗಕ್ಕೆ ಬಂದ ಲಾರೆನ್ಸ್ ಲೋವೆಲ್ ಹಗ್ಗ ಬಿಗಿದರು: ಒಂದು ಕ್ಷೇತ್ರದಲ್ಲಿ ಆಳ ಬೇಕು, ಉಳಿದವುಗಳಲ್ಲಿ ಹರವು ಬೇಕು. ಅಮೆರಿಕದ ಪದವಿಗಳು ಇಂದಿಗೂ ಬಹುಮಟ್ಟಿಗೆ ಇದೇ ಅಚ್ಚಿನಲ್ಲಿವೆ.

ವಾಣಿಜ್ಯ ಶಾಲೆಗಳು ಆಳದ ಕಡೆಗೇ ವಾಲಿದವು. ಅದಕ್ಕೆ ಕಾರಣ ಸರಳ. ರೈಲ್ವೆ, ವಿಮೆ, ಬ್ಯಾಂಕು ದೊಡ್ಡದಾದಂತೆಲ್ಲ ಆಯಾ ಕೆಲಸ ಬಲ್ಲವರು ಬೇಕಾದರು. ವಾರ್ಟನ್‌ನಲ್ಲಿ ಸಾಲೊಮನ್ ಹ್ಯೂಬ್ನರ್ 1904ರಲ್ಲಿ ವಿಮೆಯನ್ನು ಪಾಠವಾಗಿಸಿದರು. ಮುಂದೆ ಅದು ಸ್ವತಂತ್ರ ವಿಭಾಗವೇ ಆಯಿತು. ಸಾರಿಗೆ ಕಲಿಸುತ್ತಿದ್ದ ಎಮರಿ ಜಾನ್ಸನ್ ಪನಾಮಾ ಕಾಲುವೆಯಲ್ಲಿ ಹಡಗುಗಳಿಗೆ ಎಷ್ಟು ಸುಂಕ ಹಾಕಬೇಕೆಂದು ಅಮೆರಿಕ ಸರ್ಕಾರಕ್ಕೆ ಲೆಕ್ಕ ಹಾಕಿಕೊಟ್ಟರು. ಬೇರೆ ವಿಶ್ವವಿದ್ಯಾಲಯಗಳೂ ಹಿಂದೆ ಬೀಳಲಿಲ್ಲ. ಉದ್ಯಮಕ್ಕೊಂದು ಕೋರ್ಸು, ಕೋರ್ಸಿಗೊಬ್ಬ ಪ್ರೊಫೆಸರು ಎಂಬಂತೆ ಪಠ್ಯಪಟ್ಟಿ ಉಬ್ಬುತ್ತಾ ಹೋಯಿತು.

ಈ ಉಬ್ಬರಕ್ಕೆ ಪೆಟ್ಟು ಬಿದ್ದದ್ದು 1959ರಲ್ಲಿ. ಒಂದೇ ವರ್ಷ ಎರಡು ದಪ್ಪ ವರದಿಗಳು ಹೊರಬಂದವು: ಫೋರ್ಡ್ ಪ್ರತಿಷ್ಠಾನದ ನೆರವಿನಲ್ಲಿ ರಾಬರ್ಟ್ ಗಾರ್ಡನ್ ಮತ್ತು ಜೇಮ್ಸ್ ಹೊವೆಲ್ ಬರೆದದ್ದು, ಕಾರ್ನೆಗಿ ಸಂಸ್ಥೆಗಾಗಿ ಫ್ರಾಂಕ್ ಪಿಯರ್ಸನ್ ಬರೆದದ್ದು. ಎರಡರ ತೀರ್ಪೂ ಹೆಚ್ಚುಕಡಿಮೆ ಒಂದೇ. ಬಿಸಿನೆಸ್ ಶಾಲೆಗಳು ಸಣ್ಣಸಣ್ಣ ಕಸುಬುಗಳ ತರಬೇತಿ ಕೇಂದ್ರಗಳಾಗಿವೆ; ಗಣಿತ, ಅರ್ಥಶಾಸ್ತ್ರ, ಮನುಷ್ಯನ ನಡವಳಿಕೆಯ ಅಧ್ಯಯನ, ಮಾನವಿಕ ವಿಷಯಗಳು ಹಿಂದೆ ಸರಿದಿವೆ. ಮುಂದಿನ ವರ್ಷಗಳಲ್ಲಿ ಎಷ್ಟೋ ಕಿರಿದಾದ ಕೋರ್ಸುಗಳು ಮಾಯವಾದವು. ಲೆಕ್ಕಶಾಸ್ತ್ರ, ಹಣಕಾಸು, ಮಾರ್ಕೆಟಿಂಗ್, ಸಂಖ್ಯಾಶಾಸ್ತ್ರ ಸೇರಿದ ಒಂದು ಬುನಾದಿ ಎಲ್ಲರಿಗೂ ಕಡ್ಡಾಯವಾಯಿತು.

ಇಂದು ಎರಡು ಮೇಜರ್ ಸುಲಭವಾಗಿರುವುದು ಈ ಬುನಾದಿಯಿಂದಲೇ. ಅತಿಯಾದ ವಿಶೇಷೀಕರಣಕ್ಕೆ ಕಡಿವಾಣ ಹಾಕಹೊರಟ ಸುಧಾರಣೆ, ಎರಡೆರಡು ವಿಶೇಷ ವಿಷಯಗಳನ್ನು ಓದುವವರ ದಾರಿಯನ್ನೇ ಹಸನು ಮಾಡಿತು. ಭೌತವಿಜ್ಞಾನದ ಜೊತೆ ಇತಿಹಾಸವನ್ನೂ ಮೇಜರ್ ಆಗಿ ಓದಬೇಕೆಂದರೆ ಎರಡು ಕಡೆಯೂ ಬುಡದಿಂದ ಶುರು ಮಾಡಬೇಕು. ಬಿಸಿನೆಸ್ ಶಾಲೆಯೊಳಗೆ ಹಾಗಲ್ಲ. ಅರ್ಧ ದಾರಿಯನ್ನು ಎಲ್ಲರೂ ಒಟ್ಟಿಗೇ ನಡೆದಿರುತ್ತಾರೆ. ವಾರ್ಟನ್‌ನಲ್ಲಿ ಒಂದು ವಿಶೇಷ ವಿಷಯಕ್ಕೆ ಸಾಮಾನ್ಯವಾಗಿ ನಾಲ್ಕು ಕೋರ್ಸು ಸಾಕು. ಇನ್ನೊಂದು ಬೇಕೆಂದರೆ ಮತ್ತೆ ನಾಲ್ಕು. ಹಣಕಾಸು ಆರಿಸಿಕೊಂಡವರು ಜೊತೆಗೆ ಲೆಕ್ಕಶಾಸ್ತ್ರವನ್ನೋ ಮಾರ್ಕೆಟಿಂಗನ್ನೋ ತೆಗೆದುಕೊಳ್ಳಬಹುದು. ಎಷ್ಟು ವಿಷಯ ಸೇರಿಸಿಕೊಂಡರೂ ಕೊನೆಗೆ ಸಿಗುವ ಪದವಿ ಒಂದೇ: ಅರ್ಥಶಾಸ್ತ್ರದಲ್ಲಿ ಬಿ.ಎಸ್.

ಎರಡು ಪದವಿ ಬೇಕೆನ್ನುವವರಿಗೆ ದಾರಿ ಬೇರೆ, ಹೊರೆಯೂ ಹೆಚ್ಚು. 1970ರ ದಶಕದ ಕೊನೆಯ ಹೊತ್ತಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಮತ್ತು ಎಂಜಿನಿಯರಿಂಗ್ ಜೋಡಿಸಿದ ಕಾರ್ಯಕ್ರಮ ಬಂತು. 1990ರ ದಶಕದಲ್ಲಿ ಬಿಸಿನೆಸ್ ಜೊತೆ ವಿದೇಶಿ ಭಾಷೆ ಮತ್ತು ಅಂತರರಾಷ್ಟ್ರೀಯ ಅಧ್ಯಯನ ಬೆಸೆದ ಹಂಟ್ಸ್‌ಮನ್ ಕಾರ್ಯಕ್ರಮ ಬಂತು. ಇಲಾನ್ ಮಸ್ಕ್ ಇದೇ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಕ್ಕೊಂದು, ವಾರ್ಟನ್‌ನ ಅರ್ಥಶಾಸ್ತ್ರಕ್ಕೊಂದು ಎಂದು ಎರಡು ಪದವಿ ಪಡೆದವರು.

ಕರ್ನಾಟಕದ ವಾಣಿಜ್ಯ ಶಿಕ್ಷಣ ಬೇರೆ ಹಾದಿ ಹಿಡಿಯಿತು. ಇಲ್ಲಿ ಬಿ.ಎ., ಬಿ.ಎಸ್ಸಿ. ಓದುವವರಿಗೆ ಮೂರು ವಿಷಯಗಳ ಜೋಡಣೆ ಹಳೆಯ ರೂಢಿ. ಪಿಸಿಎಂ, ಸಿಬಿಝಡ್, ಎಚ್‌ಇಪಿ ಎಂದರೆ ಯಾವ ಕಾಲೇಜಿನ ಗುಮಾಸ್ತರಿಗೂ ಗೊತ್ತು. ಬಿ.ಕಾಂ.ನಲ್ಲಿ ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪತ್ರಿಕೆಗಳು, ಕೊನೆಯ ವರ್ಷ ಒಂದಿಷ್ಟು ಐಚ್ಛಿಕ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಮೇಜರ್, ಮೈನರ್ ಎಂಬ ಮಾತುಗಳು ಪ್ರವೇಶಪತ್ರಕ್ಕೂ ಬಂದವು. 2024ರಲ್ಲಿ ರಾಜ್ಯ ಸರ್ಕಾರ ಆ ನೀತಿ ತಂದಿದ್ದ ನಾಲ್ಕು ವರ್ಷದ ವ್ಯವಸ್ಥೆ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ನಡುವೆ ಎರಡನೆಯ ವಿಷಯವನ್ನು ವಿಶ್ವವಿದ್ಯಾಲಯದ ಹೊರಗೆ ಹುಡುಕುವ ರೂಢಿ ಹಾಗೆಯೇ ನಡೆದಿದೆ. ಬೆಂಗಳೂರು, ಮಂಗಳೂರಿನ ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಅನೇಕರು ಕಾಲೇಜಿನ ಓದಿನ ಜೊತೆಗೇ ಸಿ.ಎ. ಕೋಚಿಂಗ್‌ಗೂ ಹೋಗುತ್ತಾರೆ. ಅವರ ಬಿ.ಕಾಂ. ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ, ಸಿ.ಎ. ಪರೀಕ್ಷೆ ನಡೆಸುವುದು 1949ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ.