ಕಪ್ಪೆಯ ಮೇಜು ಖಾಲಿಯಾದ ಮೇಲೆ: ವಿಶ್ವವಿದ್ಯಾಲಯಗಳ ಪ್ರಾಣಿಪ್ರಯೋಗ ವಿರೋಧಿ ಚಳವಳಿ ಮತ್ತು ಹಾವೇರಿ ಸೀಮೆಯ ವಿಜ್ಞಾನ ಶಿಕ್ಷಣ

1. ಪೀಠಿಕೆ

ಪ್ರಾಣಿಪ್ರಯೋಗ ಎಂದೊಡನೆ ಮಹಾನಗರದ ಸಂಶೋಧನಾಲಯ, ಪಂಜರದ ಕೋತಿ, ಬಿಳಿ ಇಲಿಗಳ ಸಾಲು ಕಣ್ಣ ಮುಂದೆ ಬರುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿ ಅದು ನಡೆದ ಜಾಗವೇ ಬೇರೆ. ಅದು ನಡೆದದ್ದು ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ತರಗತಿಯಲ್ಲಿ. ಅಲ್ಲಿ ಹೊಸದೇನನ್ನೂ ಕಂಡುಹಿಡಿಯುವ ಉದ್ದೇಶವಿರಲಿಲ್ಲ. ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನೇ ಮತ್ತೊಮ್ಮೆ ಜೀವದ ಮೇಲೆ ಬಿಡಿಸಿ ನೋಡುವುದು, ಅದನ್ನು ಜರ್ನಲ್‌ನಲ್ಲಿ ಪೆನ್ಸಿಲಿನಿಂದ ಬರೆದು ಸಹಿ ಹಾಕಿಸಿಕೊಳ್ಳುವುದು, ಇಷ್ಟೇ ಕೆಲಸ.

ಈ ಪದ್ಧತಿಯನ್ನು ಕೊನೆಗಾಣಿಸಲು ನಡೆದ ಚಳವಳಿ ಕಾನೂನಿನ ಮಟ್ಟದಲ್ಲಿ ಬಹುಪಾಲು ಗೆದ್ದಿದೆ. ಆದರೆ ಕತ್ತರಿ ಕೆಳಗಿಟ್ಟ ಆ ಎರಡು ಗಂಟೆಗಳಲ್ಲಿ ವಿದ್ಯಾರ್ಥಿ ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಪಠ್ಯಕ್ರಮಗಳು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಕೊಲ್ಲುವುದನ್ನು ನಿಲ್ಲಿಸಿದ್ದು ಚಳವಳಿಯ ಅರ್ಧ ಕೆಲಸ, ಬದುಕಿರುವುದನ್ನು ನೋಡಲು ಕಲಿಸುವುದು ಉಳಿದರ್ಧ ಎಂಬುದು ಈ ಲೇಖನದ ವಾದ.

2. ಮೇಜಿನ ಮೇಲಿನ ಕಪ್ಪೆ

ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜಿನಂಥ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದ್ದು ಧಾರವಾಡದ ಪಠ್ಯಕ್ರಮವನ್ನೇ ಓದಿಸಿದವು. ದೇಶದ ಬೇರೆಲ್ಲ ಕಡೆಯಂತೆ ಇಲ್ಲೂ ಎರೆಹುಳು, ಜಿರಳೆ, ಸೀಗಡಿ, ಕಪ್ಪೆ ಕೊಯ್ಯುವುದು ಪ್ರಾಣಿಶಾಸ್ತ್ರ ಓದಿದ್ದಕ್ಕೆ ಗುರುತಾಗಿತ್ತು.

ಆ ತರಗತಿಯಲ್ಲಿ ಕುಳಿತವರು ಅದರ ಕ್ರಮವನ್ನು ಮರೆತಿರಲಾರರು. ಮುಚ್ಚಳವಿದ್ದ ಗಾಜಿನ ಜಾಡಿಯಲ್ಲಿ ಕ್ಲೋರೋಫಾರ್ಮಿನ ಹತ್ತಿ. ಕಪ್ಪೆ ಪ್ರಜ್ಞೆ ತಪ್ಪಿದ ಮೇಲೆ ಮೇಣ ಹಾಕಿದ ತಟ್ಟೆಯಲ್ಲಿ ಅಂಗಾತ ಮಲಗಿಸಿ ನಾಲ್ಕೂ ಕಾಲುಗಳಿಗೆ ಗುಂಡುಸೂಜಿ ಚುಚ್ಚುವುದು. ಚಿಮಟಿಗೆಯಿಂದ ಹೊಟ್ಟೆಯ ಚರ್ಮ ಎತ್ತಿ ನಡುವೆ ಕತ್ತರಿ ಆಡಿಸುವುದು, ಎದೆಯ ಎಲುಬನ್ನು ಬಿಡಿಸುವುದು. ಅಷ್ಟಾದ ಮೇಲೂ ಹೃದಯ ಬಡಿಯುತ್ತಲೇ ಇರುತ್ತಿತ್ತು. ಆ ಬಡಿತವನ್ನು ಕಂಡು ಕೆಲವರು ಬೆರಗಾದರು, ಕೆಲವರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು, ಇನ್ನು ಕೆಲವರು ವಿಷಯವನ್ನೇ ಬದಲಿಸಿದರು. ಶರೀರಕ್ರಿಯಾಶಾಸ್ತ್ರದ ಪ್ರಯೋಗದಲ್ಲಿ ತಲೆಬುರುಡೆಯ ಹಿಂದಿನಿಂದ ಸೂಜಿ ತೂರಿಸಿ ಮಿದುಳನ್ನು ನಾಶಮಾಡಿ, ಕಾಲಿನ ಮೀನಖಂಡವನ್ನು ನರಸಮೇತ ತೆಗೆದು, ಅದು ಸೆಟೆದುಕೊಳ್ಳುವ ಗೆರೆಯನ್ನು ಮಸಿ ಹಿಡಿದ ಉರುಳೆಯ ಮೇಲೆ ದಾಖಲಿಸುತ್ತಿದ್ದರು. ಗೆರೆ ಹೇಗೆ ಬರಬೇಕೆಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡು ನಮ್ಮದು. ಗದ್ದೆಯ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಈ ಜೀವಿಯ ಕಾಲುಗಳನ್ನು ಪರದೇಶಕ್ಕೆ ರಫ್ತು ಮಾಡುವುದನ್ನು ಭಾರತ 1987ರಲ್ಲಿ ನಿಷೇಧಿಸಿತು. ಹೊರದೇಶದ ತಟ್ಟೆಗೆ ಹೋಗುವ ಕಪ್ಪೆ ಉಳಿಯಿತು, ನಮ್ಮ ಮೇಣದ ತಟ್ಟೆಯ ಕಪ್ಪೆ ಇನ್ನೂ ಸುಮಾರು ಇಪ್ಪತ್ತೈದು ವರ್ಷ ಕಾಯಬೇಕಾಯಿತು.

3. ಕಾನೂನು ಇತ್ತು, ಕಾಲೇಜಿಗೆ ತಲುಪಲಿಲ್ಲ

ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿ ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ಮಂಡಿಸಿದರು. ಅದರ ಫಲವಾಗಿ ಸರ್ಕಾರವೇ ಮುಂದೆ ಬಂದು 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯನ್ನು ತಂದಿತು. ಅದರ 14ನೇ ಕಲಂ ಹೊಸ ಜ್ಞಾನಕ್ಕಾಗಿ, ರೋಗನಿವಾರಣೆಗಾಗಿ ಮಾಡುವ ಪ್ರಯೋಗಕ್ಕೆ ಅವಕಾಶ ಕೊಟ್ಟಿದೆ. ಆದರೆ 17ನೇ ಕಲಂ ಹೇಳುವ ಮಾತು ಹೆಚ್ಚು ಮುಖ್ಯ: ವೈದ್ಯಕೀಯ ಶಾಲೆ, ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಅಷ್ಟೇ ಚೆನ್ನಾಗಿ ಕಲಿಸಲು ಸಾಧ್ಯವಿದ್ದರೆ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕು, ಬರೀ ಕೈಚಳಕ ಸಂಪಾದಿಸಲು ಪ್ರಯೋಗ ಮಾಡುವುದನ್ನು ಆದಷ್ಟೂ ಬಿಡಬೇಕು. ಅಂದರೆ ಶೋಧನೆಗೂ ಕಲಿಕೆಗೂ ನಡುವಿನ ಗೆರೆಯನ್ನು 1960ರಲ್ಲೇ ಶಾಸನ ಎಳೆದಿತ್ತು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಪ್ರಾಣಿಗಳ ಬದಲಿಗೆ ಬೇರೆ ವಿಧಾನ ಬಳಸುವುದು, ಅವುಗಳ ಸಂಖ್ಯೆ ತಗ್ಗಿಸುವುದು, ನೋವು ಕಡಿಮೆ ಮಾಡುವುದು ಎಂಬ ಮೂರು ತತ್ವಗಳನ್ನು ಮುಂದಿಟ್ಟಿದ್ದರು.

ಈ ಗೆರೆ ಪಠ್ಯಕ್ರಮದೊಳಗೆ ಇಳಿಯಲು ಅರ್ಧ ಶತಮಾನ ಹಿಡಿಯಿತು. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ ‘ಕಾಂಪ್ಯುಫ್ರಾಗ್’ ಎಂಬ ಕಂಪ್ಯೂಟರ್ ಕಪ್ಪೆಯನ್ನು ರೂಪಿಸಿತು. ಪುದುಚೇರಿಯ ಜಿಪ್ಮರ್‌ನಲ್ಲಿ ಔಷಧಶಾಸ್ತ್ರದ ಪ್ರಯೋಗಗಳಿಗೆ ‘ಎಕ್ಸ್‌ಫಾರ್ಮ್’ ತಂತ್ರಾಂಶ ಸಿದ್ಧವಾಯಿತು. 2009ರಲ್ಲಿ ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಪರ್ಯಾಯ ವಿಧಾನಗಳಿಗೆಂದೇ ಮಹಾತ್ಮ ಗಾಂಧಿ–ಡೋರೆನ್‌ಕ್ಯಾಂಪ್ ಕೇಂದ್ರ ಆರಂಭವಾಯಿತು. ಬೇಡ ಎಂದಷ್ಟೇ ಕೂಗದೆ ಬೇಕಾದ್ದನ್ನು ತಯಾರಿಸಿ ಶಿಕ್ಷಕರ ಕೈಗೆ ಕೊಟ್ಟದ್ದರಲ್ಲೇ ಈ ಚಳವಳಿಯ ಬಲವಿತ್ತು.

2011ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹಂತಹಂತವಾಗಿ ಡಿಸೆಕ್ಷನ್ ನಿಲ್ಲಿಸುವ ಮಾರ್ಗಸೂಚಿ ಹೊರಡಿಸಿತು. ಪದವಿ ವಿದ್ಯಾರ್ಥಿಗಳು ತಾವೇ ಕೊಯ್ಯುವಂತಿಲ್ಲ, ಅಧ್ಯಾಪಕರು ಒಂದು ಪ್ರಭೇದವನ್ನಷ್ಟೇ ಪ್ರದರ್ಶಿಸಬಹುದು, ಪ್ರತಿ ಸಂಸ್ಥೆಯಲ್ಲೂ ಉಸ್ತುವಾರಿ ಸಮಿತಿ ಇರಬೇಕು ಎಂಬುದು ಅದರ ತಿರುಳು. 2014ರಲ್ಲಿ ಆಯೋಗ ಇನ್ನೊಂದು ಹೆಜ್ಜೆ ಇಟ್ಟು ಪ್ರಾಣಿಶಾಸ್ತ್ರ ಮತ್ತು ಜೀವವಿಜ್ಞಾನಗಳ ಪದವಿ, ಸ್ನಾತಕೋತ್ತರ ತರಗತಿಗಳೆರಡರಲ್ಲೂ ಈ ಪದ್ಧತಿಗೆ ತೆರೆ ಎಳೆಯಿತು. ವೈದ್ಯಕೀಯ ಶಿಕ್ಷಣವೂ ಅದೇ ಹೊತ್ತಿಗೆ ಕಂಪ್ಯೂಟರ್ ಮಾದರಿಗಳತ್ತ ಹೊರಳಿತು. ಇತ್ತೀಚೆಗೆ ಆರಂಭವಾದ ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹುಟ್ಟಿದ್ದೇ ಈ ಬದಲಾವಣೆಯ ನಂತರದ ಕಾಲದಲ್ಲಿ.

4. ಶೋಧನೆಯ ಪ್ರಶ್ನೆ: ಮೆಣಸಿನಕಾಯಿ ಮತ್ತು ಬಣ್ಣದ ತ್ರಿಕೋನ

ಕಲಿಕೆಗಾಗಿ ಕೊಲ್ಲುವುದು ಅನಗತ್ಯವೆಂದು ಒಪ್ಪಿದವರೂ ಸಂಶೋಧನೆಯ ಮಾತು ಬಂದಾಗ ತಡೆದು ನಿಲ್ಲುತ್ತಾರೆ. ಅವರ ಅನುಮಾನಕ್ಕೆ ಕಾರಣವಿದೆ. ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಲಸಿಕೆಯನ್ನು ಬೆಳೆಸುತ್ತಿದ್ದದ್ದು ಕರುಗಳ ಚರ್ಮದ ಮೇಲೆ. ಆ ಕರುಗಳ ಋಣ ನಮ್ಮ ಹಿರಿಯರ ತೋಳಿನ ಕಲೆಯಲ್ಲಿ ಇಂದಿಗೂ ಉಳಿದಿದೆ. ಇದೇ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ನಾಯಿ ಕಚ್ಚಿದವರಿಗೆ ಹೊಕ್ಕಳ ಸುತ್ತ ಕೊಡುತ್ತಿದ್ದ ಸೂಜಿಮದ್ದು ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಅದು ಕೆಲವರಲ್ಲಿ ನರಗಳ ತೊಂದರೆ ತರುತ್ತಿತ್ತು. 2004ರ ಕೊನೆಗೆ ಭಾರತ ಅದನ್ನು ಕೈಬಿಟ್ಟು, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುವ ಲಸಿಕೆಯನ್ನು ನೆಚ್ಚಿಕೊಂಡಿತು. ಕುರಿಯೂ ಉಳಿಯಿತು, ರೋಗಿಗೂ ಒಳ್ಳೆಯದಾಯಿತು.

ಬ್ಯಾಡಗಿಯ ಪೇಟೆಗೆ ಬಂದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಕೆಂಪಿನಿಂದ ಮತ್ತು ಹಿತವಾದ ಖಾರದಿಂದ. 1912ರಲ್ಲಿ ಸ್ಕೋವಿಲ್ ರೂಪಿಸಿದ ಕ್ರಮದಲ್ಲಿ ಖಾರವನ್ನು ಮನುಷ್ಯರ ನಾಲಗೆಯಿಂದ ಅಳೆಯುತ್ತಿದ್ದರು. ಈಗ ಯಂತ್ರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಪ್ರಮಾಣವನ್ನೇ ಲೆಕ್ಕಹಾಕಿ ಹೇಳುತ್ತದೆ. ಆ ಖಾರ ನಮಗೆ ಉರಿಯಾಗಿ ಏಕೆ ತಟ್ಟುತ್ತದೆಂಬುದನ್ನು ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಬಿಡಿಸಿ ಹೇಳಿತು. ಅದಕ್ಕೆ 2021ರ ನೊಬೆಲ್ ಬಂತು. ಖಾರವನ್ನು ಗುರುತಿಸುವ ಗ್ರಾಹಕ ಪತ್ತೆಯಾದದ್ದು ತಟ್ಟೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳಲ್ಲಿ. ಆದರೆ ಅದರ ಜೀನ್ ಸಿಕ್ಕಿದ್ದು ಇಲಿ ಜಾತಿಯ ಪ್ರಾಣಿಗಳ ನರಕೋಶಗಳಿಂದ. ಪ್ರಾಣಿಯಿಂದ ವಿಜ್ಞಾನಕ್ಕೆ ಏನೂ ದೊರೆತಿಲ್ಲ ಎನ್ನುವವರಿಗೂ, ಪ್ರಾಣಿಯಿಲ್ಲದೆ ವಿಜ್ಞಾನವೇ ಇಲ್ಲ ಎನ್ನುವವರಿಗೂ ಈ ಒಂದು ಉದಾಹರಣೆಯಲ್ಲಿ ಉತ್ತರವಿದೆ.

ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯಲ್ಲಿ ನಿಂತು ಬೆಳೆಗೆ ಹೊಡೆಯುವ ‘ಎಣ್ಣೆ’ಯ ಡಬ್ಬಿಯನ್ನು ತಿರುಗಿಸಿ ನೋಡಿ. ಮೂಲೆಯ ಮೇಲೆ ನಿಂತ ಚೌಕವೊಂದರ ಕೆಳಗಿನ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿ ಇಲ್ಲವೆ ಹಸಿರು ಬಣ್ಣವಿರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಆ ಬಣ್ಣ ನಿರ್ಧಾರವಾಗುವುದು ಪರೀಕ್ಷೆಗೆ ಒಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕು ಎಂಬ ಲೆಕ್ಕದಿಂದ. ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೆ ಸಾವು ತರುವ ವಿಷಕ್ಕೆ ಕೆಂಪು. 5,000 ಮಿಲಿಗ್ರಾಂ ದಾಟಿದರೆ ಹಸಿರು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಪಂಪು ಹೆಗಲಿಗೇರಿಸುವ ರೈತನನ್ನು ಕಾಯುವ ಎಚ್ಚರಿಕೆಯೇ ಅದು. ಅದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ 1927ರಲ್ಲಿ ಟ್ರೆವಾನ್ ತಂದ ಆ ಹಳೆಯ ಪರೀಕ್ಷಾ ಕ್ರಮವನ್ನು ಒಇಸಿಡಿ ದೇಶಗಳ ಕೂಟ 2002ರಲ್ಲಿ ರದ್ದುಮಾಡಿ, ಬಹಳ ಕಡಿಮೆ ಪ್ರಾಣಿಗಳು ಸಾಕಾಗುವ ಕ್ರಮಗಳನ್ನು ಒಪ್ಪಿತು. 2023ರಲ್ಲಿ ಭಾರತವೂ ತನ್ನ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಜೀವಕೋಶ ಮತ್ತು ಕಂಪ್ಯೂಟರ್ ಆಧಾರಿತ ಪರೀಕ್ಷೆಗಳಿಗೂ ಬಾಗಿಲು ತೆರೆಯಿತು. ಶೋಧನೆಯ ಕ್ಷೇತ್ರದಲ್ಲಿ ದಾರಿ ನಿಧಾನವಾಗಿ ತಿರುಗುತ್ತಿದೆ. ತರಗತಿಯಲ್ಲಿ ನಿಧಾನಕ್ಕೆ ಕಾರಣವೇ ಇಲ್ಲ.

5. ಖಾಲಿಯಾದ ಎರಡು ಗಂಟೆ

ನಿಷೇಧವನ್ನು ವಿರೋಧಿಸಿದ ಅಧ್ಯಾಪಕರ ಆತಂಕವೊಂದನ್ನು ಚಳವಳಿಗಾರರು ಗೌರವದಿಂದ ಕೇಳಬೇಕಿತ್ತು. ಪರದೆಯ ಮೇಲೆ ಕಪ್ಪೆಯನ್ನು ನೋಡಿದ ವಿದ್ಯಾರ್ಥಿಗೆ ಪ್ರಾಣಿಯ ಪರಿಚಯವೇ ತಪ್ಪಿಹೋದೀತು ಎಂಬುದು ಆ ಆತಂಕ. ವಿದ್ಯುತ್ ಕೈಕೊಡುವ, ಹತ್ತಾರು ವಿದ್ಯಾರ್ಥಿಗಳಿಗೆ ಒಂದೇ ಕಂಪ್ಯೂಟರ್ ಇರುವ ಕಾಲೇಜಿನಲ್ಲಿ ತಂತ್ರಾಂಶವನ್ನೇ ಪೂರ್ತಿ ನಂಬಿ ಕೂರಲಾಗದು. ಪಶುವೈದ್ಯರಾಗುವವರಿಗೆ ಸಹಜವಾಗಿ ಸತ್ತ ಜಾನುವಾರುಗಳ ದೇಹದ ಮೇಲೆ ಅಭ್ಯಾಸ ಅಗತ್ಯವೇ ಹೌದು. ಹೃದಯದ ಕವಾಟಗಳನ್ನು ತೋರಿಸಲು ಮಟನ್ ಅಂಗಡಿಯ ಕುರಿಯ ಹೃದಯ, ಕಿವಿರು ತೋರಿಸಲು ಸಂತೆಯ ಮೀನು ಸಾಕು. ಪಾಠಕ್ಕೆಂದು ಒಂದು ಜೀವವೂ ಹೋಗಬೇಕಿಲ್ಲ.

ಆದರೆ ನಿಜವಾದ ಉತ್ತರ ತರಗತಿಯ ಹೊರಗಿದೆ. ರಾಣೆಬೆನ್ನೂರಿನ ಪಕ್ಕದಲ್ಲಿ 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಒಂದು ಕಾಲಕ್ಕೆ ಎರ್ಲಡ್ಡು ಹಕ್ಕಿಗೂ ಹೆಸರಾಗಿದ್ದ ಬಯಲು ಅದು. ಗಂಡು ಮೃಗ ತನ್ನ ನೆಲವನ್ನು ಹೇಗೆ ಕಾಯುತ್ತದೆ, ಹಿಂಡು ಯಾವ ಹೊತ್ತಿಗೆ ಮೇಯುತ್ತದೆ ಎಂಬುದನ್ನು ಐದೈದು ನಿಮಿಷಕ್ಕೊಮ್ಮೆ ದಾಖಲಿಸಿದರೆ ಅದೇ ಒಂದು ಪೂರ್ಣ ಪ್ರಯೋಗ. ಬ್ಯಾಡಗಿಯ ಎರೆಹೊಲದಲ್ಲಿ ಒಂದು ಅಡಿ ಚೌಕ ಅಗೆದು ಎರೆಹುಳು ಎಣಿಸಿ, ಎಣ್ಣೆ ಹೊಡೆದ ಹೊಲಕ್ಕೂ ಹೊಡೆಯದ ಹೊಲಕ್ಕೂ ಹೋಲಿಸಿ, ಹುಳುಗಳನ್ನು ಅಲ್ಲೇ ಬಿಡಬಹುದು. ಮೊದಲ ಮಳೆಗೆ ಹಾವೇರಿಯ ಕೆರೆಗಳಲ್ಲಿ ವಟಗುಟ್ಟುವ ಕಪ್ಪೆಗಳ ದನಿಯನ್ನು ಫೋನಿನಲ್ಲಿ ಹಿಡಿದು ಪ್ರಭೇದ ಗುರುತಿಸಬಹುದು. ಈ ಯಾವುದರ ಫಲಿತಾಂಶವೂ ಪುಸ್ತಕದಲ್ಲಿ ಮೊದಲೇ ಅಚ್ಚಾಗಿಲ್ಲ. ಹಳೆಯ ಡಿಸೆಕ್ಷನ್ ಮೇಜು ಎಂದೂ ಕೊಡಲಾರದ ಅನುಭವವಿದು: ತನ್ನ ಊರಿನ ಬಗ್ಗೆ ತಾನೇ ಮೊದಲು ತಿಳಿದುಕೊಳ್ಳುವುದು.

6. ಉಪಸಂಹಾರ

ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಈಗ ಹಾವೇರಿ ವಿಶ್ವವಿದ್ಯಾಲಯವಾಗಿದೆ. ಈ ಸೀಮೆಯ ಪ್ರಾಣಿಶಾಸ್ತ್ರ ಪಠ್ಯಕ್ರಮವನ್ನು ಈ ಸೀಮೆಯವರೇ ಕೂತು ಬರೆಯುವ ಅವಕಾಶ ಇದರಿಂದ ಮೊದಲ ಬಾರಿಗೆ ಬಂದಿದೆ. ಅಧ್ಯಯನ ಮಂಡಳಿಯ ಮುಂದೆ ಈ ಲೇಖನದ ಬೇಡಿಕೆ ಚಿಕ್ಕದು. ಪ್ರಾಕ್ಟಿಕಲ್ ಜರ್ನಲ್‌ನಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂಬ ನಾಲ್ಕು ಶೀರ್ಷಿಕೆಗಳಿವೆ. ಐದನೆಯದೊಂದು ಸೇರಲಿ: ಪ್ರಯೋಗ ಮುಗಿದ ಮೇಲೆ ಪ್ರಾಣಿಯನ್ನು ಎಲ್ಲಿ ಬಿಟ್ಟಿರಿ? ಆ ಗೆರೆಯ ಮುಂದೆ ಪ್ರತಿ ವಿದ್ಯಾರ್ಥಿಯೂ ಒಂದು ಕೆರೆಯ, ಒಂದು ಹೊಲದ, ಒಂದು ಮರದ ಹೆಸರು ಬರೆಯುವಂತಾದ ದಿನ ಈ ಚಳವಳಿಯ ಉಳಿದರ್ಧವೂ ಮುಗಿಯುತ್ತದೆ.