ಚಿಗರಿಗೆ ಮೇವು ಬಿತ್ತಿದವರು ಯಾರು?

ನಮ್ಮ ಟೀಮಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದವನೊಬ್ಬ ಇದ್ದಾನೆ. ನವೆಂಬರ್ ಕೊನೆ ಬಂತೆಂದರೆ ಆಸಾಮಿ ನಾಪತ್ತೆ. ಕ್ಯಾಲೆಂಡರಿನಲ್ಲಿ ರಾಜಾರೋಷವಾಗಿ "ಜಿಂಕೆ ಬೇಟೆ" ಅಂತ ರಜೆ ಹಾಕಿರ್ತಾನೆ. ಅಲ್ಲಿ ಅದು ಕಾನೂನುಬದ್ಧ, ಲೈಸೆನ್ಸ್ ತಗೊಂಡರೆ ಆಯ್ತು. ಅದಲ್ಲ ನನಗೆ ಆಶ್ಚರ್ಯ ಆಗಿದ್ದು. ಇವನು ಆಗಸ್ಟ್ ತಿಂಗಳಲ್ಲೇ ಕಾಡಂಚಿನ ಒಂದು ತುಂಡು ಜಮೀನಿನಲ್ಲಿ ಕ್ಲೋವರ್ ಸೊಪ್ಪು, ಟರ್ನಿಪ್ ಗಡ್ಡೆ ಬಿತ್ತುತ್ತಾನೆ. ಮನೆಗಲ್ಲ, ಮಾರೋದಕ್ಕಲ್ಲ, ಜಿಂಕೆ ಬಂದು ಮೇಯಲಿ ಅಂತ! ಹಿಮ ಬಿದ್ದ ಮೇಲೆ ಟರ್ನಿಪ್ಪಿನ ಎಲೆ ಸಿಹಿಯಾಗುತ್ತದೆ. ಸುತ್ತಲಿನ ಹಸಿರೆಲ್ಲ ಒಣಗಿರುವ ಹೊತ್ತಿಗೆ ಇದೊಂದು ತುಂಡು ಹಸಿರಾಗಿರುತ್ತದೆ. ಜಿಂಕೆ ಅಲ್ಲಿಗೇ ಬರಬೇಕು, ಇವನು ಮರದ ಮೇಲಿನ ಅಟ್ಟದಲ್ಲಿ ಕೂತಿರಬೇಕು.

ಇದಕ್ಕೆ ಅವರು ಫುಡ್ ಪ್ಲಾಟ್ ಅಂತಾರೆ. ಕಾಳು ತಂದು ಸುರಿದು ಜಿಂಕೆ ಕರೆಯೋದು ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅಪರಾಧ. ಒಂದೇ ಗುಡ್ಡೆಗೆ ಹತ್ತಾರು ಜಿಂಕೆ ಬಾಯಿ ಹಾಕಿದರೆ ರೋಗ ಹರಡುತ್ತದೆ ಅನ್ನೋದು ಒಂದು ಕಾರಣ. ಆದರೆ ಅದನ್ನೇ ಬಿತ್ತಿ ಬೆಳೆದರೆ ಸಾಮಾನ್ಯವಾಗಿ ಅಪರಾಧವಲ್ಲ, ಅದು ಬೇಸಾಯ! ಕಾನೂನಿನ ಈ ಕಿಂಡಿ ನೋಡಿ ನಮ್ಮ ವಕೀಲರೂ ತಲೆದೂಗಬೇಕು.

ನಮ್ಮ ಬಯಲುಸೀಮೆಯ ರೈತರ ಮುಂದೆ ಹೋಗಿ "ಚಿಗರಿ ತಿನ್ಲಿ ಅಂತ ಹೊಲಾ ಬಿತ್ತತಾರಂತರೀ" ಅಂದು ನೋಡಿ. "ತಮ್ಮಾ, ನಾವು ಬಿತ್ತಿದ್ದೆಲ್ಲಾ ಅವಕ್ಕ ಹೊಂಟೈತಿ, ಬ್ಯಾರೆ ಬಿತ್ತೂದೇನ್ ಬಂತು?" ಅಂತಾರೆ. (ಚಿಗರಿ ಅಂದರೆ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ಬಸ್ಸಿನ ಹೆಸರು ಅಂತಷ್ಟೇ ಗೊತ್ತಿರುವ ಬೆಂಗಳೂರಿಗರಿಗಾಗಿ ಈ ಮಾತು :) ) ಆ ರೈತನ ಉತ್ತರದಲ್ಲಿ ಒಂದು ಇತಿಹಾಸವೇ ಇದೆ ಅನ್ನಿಸಿದ್ದರಿಂದ ಈ ಬರಹ.

ನಮ್ಮ ಹಿರಿಯರ ಊರು ದಡ್ಡಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆ. ದಡ್ಡಿ ಅಂದರೆ ದನ, ಕುರಿ ಕೂಡುವ ಜಾಗ, ಹಳೇ ಮೈಸೂರಿನವರ ದೊಡ್ಡಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರಬುವ ಪದ್ಧತಿ ನಮ್ಮ ಕಡೆ ಇದೆ. ಕುರುಬರು ರಾತ್ರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸುತ್ತಾರೆ. ಕುರಿಗೆ ಕೂಳೆ-ಕಸ, ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳೋ ರೊಕ್ಕವೋ. ಯಾರು ಏನು ಕೊಟ್ಟರು, ಯಾರಿಗೆ ಏನು ಸಿಕ್ಕಿತು ಅನ್ನೋ ಲೆಕ್ಕ ಚೊಕ್ಕ. ಕಾಡುಪ್ರಾಣಿಯ ವಿಷಯಕ್ಕೆ ಬಂದಾಗ ಈ ಲೆಕ್ಕ ಕೂಡುವುದಿಲ್ಲ. ಮೇಯಿಸಿದವನೊಬ್ಬ, ಬೇಟೆಯಾಡಿದವನು ಇನ್ನೊಬ್ಬ. ಬೇಟೆಯ ಚರಿತ್ರೆ ಓದುವಾಗಲೆಲ್ಲ ನನ್ನ ಕಣ್ಣು ಇದನ್ನೇ ಹುಡುಕುತ್ತೆ.

ಬೇಟೆಗೆಂದೇ ಮೇವು ನೆಡುವುದು ಅಮೆರಿಕದವರ ಆವಿಷ್ಕಾರ ಏನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ತೆಗೆದು ನೋಡಿ. (ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಓಲೆಗರಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸದೇ ಹೋಗಿದ್ದರೆ ನಾವು ನೋಡುವುದು ಇನ್ನೂ ಎಷ್ಟು ತಡವಾಗುತ್ತಿತ್ತೋ.) ಬಂಜರು ಭೂಮಿಯನ್ನು ಏನು ಮಾಡಬೇಕು ಅಂತ ಹೇಳುವ ಅಧ್ಯಾಯದಲ್ಲಿ ರಾಜನ ವಿಹಾರಕ್ಕೆ ಒಂದು ಮೃಗವನ ಮಾಡಿಸಬೇಕು ಅಂತ ಬರುತ್ತದೆ. ಅದಕ್ಕೆ ಒಂದೇ ಬಾಗಿಲು, ಸುತ್ತ ಕಂದಕ. ಒಳಗೆ ಸಿಹಿ ಹಣ್ಣು ಬಿಡುವ ಪೊದೆಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳ. ಜಿಂಕೆಯಂಥ ಸಾಧು ಪ್ರಾಣಿಗಳ ಜೊತೆ ಉಗುರು, ಹಲ್ಲು ಕಿತ್ತ ಕ್ರೂರ ಮೃಗಗಳೂ ಇರಬೇಕಂತೆ! ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಟೆಸ್ಟ್ ಎನ್ವಿರಾನ್ಮೆಂಟ್. ನಮಾಶೆ ಬಿಡಿ, ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇದು ಉಳುವ ಭೂಮಿಯಲ್ಲ, ಉಳಲು ಬಾರದ ಭೂಮಿ. ನೆಡುವವನೂ ರಾಜ, ಬೇಲಿ ಹಾಕುವವನೂ ರಾಜ, ಬೇಟೆಯೂ ಅವನದೇ. ಲೆಕ್ಕ ಒಂದೇ ಪುಸ್ತಕದೊಳಗೆ ಮುಗಿಯಿತು.

ನಮ್ಮ ನೆಲದ್ದೇ ಬೇಕು ಅಂದರೆ ಮಾನಸೋಲ್ಲಾಸ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ ದೊಡ್ಡ ಗ್ರಂಥ. ಅಭಿಲಷಿತಾರ್ಥ ಚಿಂತಾಮಣಿ ಅನ್ನೋದು ಇನ್ನೊಂದು ಹೆಸರು. ಅದರಲ್ಲಿ ಇಡ್ಲಿಯ ಪೂರ್ವಜ ಇದೆ ಅಂತ ಎಲ್ಲರೂ ಬರೆಯುತ್ತಾರೆ, ಬೇಟೆಯ ಭಾಗ ಓದುವವರು ಕಡಿಮೆ. ವಿನೋದಗಳ ಪಟ್ಟಿಯಲ್ಲಿ ನಾಯಿಗೊಂದು, ಗಿಡುಗಕ್ಕೊಂದು, ಮೀನಿಗೊಂದು, ಬೇಟೆಗೊಂದು ಅಧ್ಯಾಯ. ಮೀನು ಹಿಡಿಯುವಾಗ ಯಾವ ಜಾತಿಗೆ ಯಾವ ತಿನಿಸು ಅಂತ ಬೇರೆಬೇರೆಯಾಗಿ ಹೇಳುತ್ತಾನೆ. ಗಾಳ ಹಾಕುವ ರಾಜ! ಜಿಂಕೆಯ ವಿಷಯದಲ್ಲಿ ಸಿವಂಗಿಯನ್ನು, ಅಂದರೆ ಚೀತಾವನ್ನು, ಬಿಟ್ಟು ಹಿಡಿಸುವ ಕ್ರಮ ಬರುತ್ತದೆ. ಭಾರತದಲ್ಲಿ ಚೀತಾ ಬೇಟೆಯ ಬಗ್ಗೆ ಸಿಗುವ ಅತ್ಯಂತ ಹಳೆಯ ವಿವರಗಳಲ್ಲಿ ಇದೂ ಒಂದು. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯವೂ ಇದೆ. ಇಂಥ ಪ್ರಾಣಿಗೆ ಹಳಗನ್ನಡದಲ್ಲಿ ದೀವ ಅಂತ ಒಂದು ಚೆಂದದ ಪದವೇ ಇದೆ. ಪದ ಹುಟ್ಟಬೇಕಾದರೆ ಆ ಕೆಲಸ ಬರೀ ಅರಮನೆಯದ್ದಾಗಿರಲಿಲ್ಲ, ಊರಿನ ಬೇಡರಿಗೂ ಗೊತ್ತಿತ್ತು ಅಂತಲೇ ನನ್ನ ಎಣಿಕೆ.

ಮೇವು ಕೊಟ್ಟು ಸಾಕಿದ್ದು ಬೇಟೆಗೆ ಮಾತ್ರ ಅಂತಲೂ ಅಲ್ಲ. ಕಾಳಿದಾಸನ ಶಾಕುಂತಲದಲ್ಲಿ ಆಶ್ರಮದ ಮರಿ ಜಿಂಕೆಗೆ ಶಕುಂತಲೆ ಹಿಡಿ ಹಿಡಿ ಶ್ಯಾಮಾಕದ ಕಾಳು ತಿನ್ನಿಸಿ ಬೆಳೆಸಿರುತ್ತಾಳೆ. ಅದೇ ಆಶ್ರಮದ ಜಿಂಕೆಯ ಹಿಂದೆ ಬಿಲ್ಲು ಹಿಡಿದು ಬಂದವನು ದುಷ್ಯಂತ.

ಈಗ ನಮ್ಮ ಊರ ಹತ್ತಿರಕ್ಕೆ ಬರೋಣ. ಪಶ್ಚಿಮಕ್ಕೆ ಕೊಲ್ಹಾಪುರ, ಪೂರ್ವಕ್ಕೆ ಮುಧೋಳ, ಎರಡೂ ಹಿಂದಿನ ಸಂಸ್ಥಾನಗಳು, ಎರಡೂ ಬೇಟೆಗೆ ಹೆಸರಾದವು. ಮುಧೋಳದ ನಾಯಿ ನಿಮಗೆಲ್ಲ ಗೊತ್ತು. ಬಯಲಿನಲ್ಲಿ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾತಿ. ಕೊಲ್ಹಾಪುರದವರದ್ದು ಚೀತಾ. ನಮ್ಮ ದೇಶದ ಚೀತಾಗಳು ಸಿಗದಂತಾದ ಮೇಲೆ 20ನೇ ಶತಮಾನದ ಮೊದಲ ಭಾಗದಲ್ಲಿ ಕೊಲ್ಹಾಪುರ, ಭಾವನಗರದಂಥ ಸಂಸ್ಥಾನಗಳು ಆಫ್ರಿಕಾದಿಂದ ಚೀತಾ ತರಿಸಿಕೊಂಡವು. ಬೇಟೆ ನಿಲ್ಲಬಾರದಲ್ಲ! (2022ರಲ್ಲಿ ಆಫ್ರಿಕಾದಿಂದ ಕೂನೋಗೆ ಚೀತಾ ಬಂದಾಗ ಇದೇ ಮೊದಲು ಅನ್ನುವ ಹಾಗೆ ಮಾತಾಡಿದರು. ಕಾಡಿಗೆ ಬಿಡಲು ತಂದದ್ದು ಮೊದಲು, ಅಷ್ಟೆ.)

ಈ ಚೀತಾ ಬೇಟೆಯ ವಿಧಾನದಲ್ಲಿ ನನ್ನನ್ನು ತುಂಬ ಕಾಡಿದ ಒಂದು ವಿವರ ಇದೆ. ಚೀತಾ ಬಹಳ ದೂರ ಓಡಲಾರದು. ಕೆಲವು ನೂರು ಮೀಟರಿಗೆ ಅದರ ಉಸಿರು ಮುಗಿಯುತ್ತದೆ. ಹಾಗಾಗಿ ಹಿಂಡಿನ ತೀರ ಹತ್ತಿರ ಒಯ್ದು ಬಿಡಬೇಕು. ಮನುಷ್ಯ ನಡೆದು ಬಂದರೂ ಕುದುರೆ ಏರಿ ಬಂದರೂ ಚಿಗರಿ ದೂರದಿಂದಲೇ ನೆಗೆದು ಓಡುತ್ತದೆ. ಎತ್ತಿನ ಗಾಡಿ ಬಂದರೆ ಮಾತ್ರ ಅಷ್ಟಾಗಿ ಹೆದರುವುದಿಲ್ಲ. ಯಾಕೆಂದರೆ ಅದು ಹುಟ್ಟಿದಾಗಿನಿಂದ ನೋಡಿದ್ದು ರೈತನ ಚಕ್ಕಡಿಯನ್ನು. ಚಕ್ಕಡಿ ಬರುತ್ತದೆ, ಹೋಗುತ್ತದೆ, ಏನೂ ಮಾಡುವುದಿಲ್ಲ. ಬೇಟೆಗಾರರು ಇದನ್ನೇ ಹಿಡಿದುಕೊಂಡರು. ಕಣ್ಣು ಮುಚ್ಚುವ ಕುಲಾವಿ ಹಾಕಿದ ಚೀತಾವನ್ನು ಗಾಡಿಯ ಮೇಲೆ ಕೂರಿಸಿ, ಹೊಲದ ದಾರಿಯಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತ ಹತ್ತಿರ ಹೋಗಿ, ಕುಲಾವಿ ತೆಗೆಯುತ್ತಿದ್ದರು. ಜೋಳದ ಹೊಲ ರೈತನದ್ದು, ಚಕ್ಕಡಿಯ ಮೇಲಿನ ನಂಬಿಕೆಯೂ ರೈತನಿಂದ ಬಂದದ್ದು. ಬೇಟೆ ಮಾತ್ರ ಮಹಾರಾಜರದ್ದು. ಅಮೆರಿಕದವನು ಟರ್ನಿಪ್ ಬಿತ್ತಿ ಮೂರು ತಿಂಗಳು ಕಾಯುತ್ತಾನೆ. ಇಲ್ಲಿ ಬಿತ್ತುವ ಗೊಡವೆಯೇ ಬೇಕಿರಲಿಲ್ಲ.

ಋತುವೂ ಹಾಗೇ ಕೂಡಿ ಬರುತ್ತಿತ್ತು. ಹಿಂಗಾರಿ ಜೋಳ, ಕಡಲೆ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮಳೆಗಾಲದ ಹುಲ್ಲು ಬಲಿತು ಒಣಗುವ ಹೊತ್ತಿಗೆ ಹೊಲದಲ್ಲಿ ಎಳೆ ಪೈರು. ಚಳಿಗಾಲ ಅಂದರೆ ಶಿಕಾರಿಯ ಕಾಲ, ಬಿಸಿಲಿಲ್ಲ, ಕೆಸರಿಲ್ಲ. ಕರಿ ಎರೆಯ ಇಡೀ ಬಯಲೇ ಒಂದು ಫುಡ್ ಪ್ಲಾಟ್. ರೈತ ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣೆ ಬೀಸುತ್ತ, ಡಬ್ಬ ಬಡಿಯುತ್ತ ರಾತ್ರಿ ಕಳೆಯಬೇಕು. ಶಿಕಾರಿಯವನ ಅಟ್ಟವೂ ರೈತನ ಮಂಚಿಕೆಯೂ ನೋಡೋಕೆ ಒಂದೇ ಥರ, ಒಬ್ಬ ಪ್ರಾಣಿ ಬರಲಿ ಅಂತ ಕೂತಿರ್ತಾನೆ, ಇನ್ನೊಬ್ಬ ಬಾರದಿರಲಿ ಅಂತ.

ಆ ರೈತನ, ಆ ಬೇಡನ ಕೈಯಲ್ಲಿ ಏನಿತ್ತು? 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಬೇಕು ಅಂತ ಕಾನೂನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಕುಲಕಸುಬಾದವರಿಗೆ ಕತ್ತಿ, ಕೋವಿ ಅಂದರೆ ಬರೀ ಯುದ್ಧದ ಸಾಮಾನಲ್ಲ, ಹೊಟ್ಟೆಪಾಡು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ನಮಗೆ ಉಳಿಯಿತು. ಹಲಗಲಿಯನ್ನು ನಾವು ಸ್ವಾತಂತ್ರ್ಯ ಹೋರಾಟದ ಪಾಠವಾಗಿ ಓದಿದ್ದೇವೆ, ಅದು ಸರಿಯೇ. ಬೇಟೆಯ ಹಕ್ಕು ಯಾರದ್ದು ಅನ್ನುವ ಪ್ರಶ್ನೆಯಾಗಿಯೂ ಅದನ್ನು ಓದಬಹುದು. ಯಾಕೆಂದರೆ ಆಮೇಲೆ ಅದೇ ಬಯಲಿನಲ್ಲಿ ಸಾಹೇಬರು, ಸಂಸ್ಥಾನಿಕರು ಶಿಕಾರಿ ಮಾಡುವುದೇನೂ ನಿಲ್ಲಲಿಲ್ಲ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೆಳೆ ಕಾಯಲು ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಬಂತು. ರೈತನ ಮಂಚಿಕೆಯನ್ನು ಕಾನೂನು ಗುರುತಿಸಿದ್ದು ಹೀಗೆ.

ದಕ್ಷಿಣದ ಕಾಡುಗಳಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿ ಮೇವು ಬಿತ್ತುವ ಬೀಜ ಬೆಂಕಿ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಕೊಟ್ಟರೆ, ಒಂದೆರಡು ಮಳೆಗೆ ಎಳೆ ಹುಲ್ಲು ಏಳುತ್ತದೆ, ಚುಕ್ಕೆ ಜಿಂಕೆಗಳು ಹಿಂಡು ಹಿಂಡಾಗಿ ಅಲ್ಲಿಗೇ ಬರುತ್ತವೆ. ದನಗಾಹಿಗೂ ಬೇಟೆಗಾರನಿಗೂ ಇದು ಗೊತ್ತಿದ್ದದ್ದೇ. ಇನ್ನು ಮೈಸೂರು ಅರಸರ ಅಮೃತ ಮಹಲ್ ಕಾವಲುಗಳು. ಸೈನ್ಯದ ಎತ್ತುಗಳಿಗೆ ಅಂತ ಕಾಯ್ದಿಟ್ಟ ಹುಲ್ಲುಗಾವಲು, ಉಳುವಂತಿಲ್ಲ. ಎತ್ತಿಗೆ ಕಾದದ್ದು ಕೃಷ್ಣಮೃಗಕ್ಕೂ ಆಯಿತು. ಭಾವನಗರದ ಮಹಾರಾಜರು ದನಗಳಿಗೂ ಚೀತಾ ಬೇಟೆಗೂ ಅಂತ ಉಳಿಸಿದ್ದ ವೇಳಾವದರದ ಹುಲ್ಲುಗಾವಲು 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೇಟೆಗೆ ಉಳಿಸಿದ ಹುಲ್ಲು ಪ್ರಾಣಿಯನ್ನೂ ಉಳಿಸಿತು. ನಮ್ಮ ಕಾವಲುಗಳ ಹೆಚ್ಚಿನ ಪಾಲು ಮಾತ್ರ ಒಂದೊಂದು ಕಾಲಕ್ಕೆ ಒಂದೊಂದು ಕೆಲಸಕ್ಕೆ ಹಂಚಿಹೋಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೇ ಪಟ್ಟಿಗೆ ಸೇರಿಸಿತು. ಬೇಟೆ ನಿಂತಿತು. ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಿಂತದ್ದು ಕೋವಿ, ಮೇವಿನ ಏರ್ಪಾಡು ಬದಲಾಗಲಿಲ್ಲ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ಅದರ ದೊಡ್ಡ ಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ ನೆಡುತೋಪು. ಕೃಷ್ಣಮೃಗ ಬಯಲಿನ ಹುಲ್ಲು ತಿನ್ನುವ ಪ್ರಾಣಿ, ನೀಲಗಿರಿ ಎಲೆ ತಿನ್ನುತ್ತದೆಯೇ? ಹಗಲು ತೋಪಿನ ನೆರಳು, ಸಂಜೆಗೆ ಪಕ್ಕದ ಹೊಲದ ಜೋಳ. ಕೌಟಿಲ್ಯ ಕನಿಷ್ಠ ಸಿಹಿ ಹಣ್ಣಿನ ಪೊದೆ ನೆಡಿ ಅಂದಿದ್ದ!

ಕೊಪ್ಪಳ, ಗದಗ, ರಾಯಚೂರು ಕಡೆ ಹಿಂಡುಗಳು ದೊಡ್ಡದಾಗಿವೆ. ಎಳೆ ಕಡಲೆ, ಹೆಸರು, ಜೋಳ ಯಾವುದನ್ನೂ ಬಿಡುವುದಿಲ್ಲ. ಮೊಳಕೆ ತಿಂದುಹೋದ ಹೊಲಕ್ಕೆ ಮತ್ತೆ ಬಿತ್ತಬೇಕು, ಅಷ್ಟರಲ್ಲಿ ಹದ ತಪ್ಪಿರುತ್ತದೆ. ಬೆಳೆಹಾನಿ ಪರಿಹಾರ ಅಂತ ಒಂದು ಇದೆ, ಆದರೆ ಎಳೆ ಪೈರು ಎಷ್ಟು ಹೋಯಿತು ಅಂತ ಅಳೆದು ತೋರಿಸೋದು ಹೇಗೆ? ಆ ಕಡೆಯ ರೈತರು ಕೇಳುತ್ತಾ ಬಂದಿರುವುದು ಕೋವಿಯನ್ನಲ್ಲ, ಜಿಂಕೆವನವನ್ನು. ಬೇಲಿ ಹಾಕಿ, ಹುಲ್ಲು ಬೆಳೆಸಿ, ನೀರಿಟ್ಟು ಅವನ್ನು ಅಲ್ಲಿ ಇಡಿ ಅಂತ. ಅರ್ಥಶಾಸ್ತ್ರದ ಮೃಗವನ, ಬೇಟೆಯೊಂದನ್ನು ಬಿಟ್ಟು. ನಮ್ಮ ಕಡೆಗೆ ಹತ್ತಿರದ್ದು ಅಂದರೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ, 2016ರಲ್ಲಿ ಚಿಂಕಾರಗಳಿಗೆ ಅಂತ ಘೋಷಿಸಿದ ಅಭಯಾರಣ್ಯ. ಅದು ಹಲಗಲಿಯ ಸೀಮೆಯಲ್ಲೇ ಇದೆ.

ನಿಮ್ಮ ಊರ ಕಡೆ ಹೊಲ ಕಾಯುವ ಮಂಚಿಕೆಗೆ ಏನಂತಾರೆ? ದೀವ ಅನ್ನುವ ಪದ ಯಾರಾದರೂ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆಯೇ? ಕೇಳಿ ನೋಡಿ, ಸಿಕ್ಕರೆ ಬರೆಯಿರಿ.